ಅಜ್ಜನ ಕೋವಿಯ ಹಳೆಯ ಮಾಲೀಕ

ಫೋಟೊ ನೋಡಿದ್ದೇ ತಡ, ಜೋಗೇಶ್ವರಿಯ ಚಾಳಿನ ಆ ಅಜ್ಜಿ, "ಇದು ನನ್ನ ಅಪ್ಪನ ಕೋವಿ ಮಾರಾಯ್ರೆ," ಎಂದರು. ನನ್ನಜ್ಜನಿಗೆ ಬ್ರಿಟಿಷ್ ಅಧಿಕಾರಿ ಕೊಟ್ಟ ಉಡುಗೊರೆಯೆಂದು ಫೋರ್ಟ್ ಬಡಾವಣೆಯ ನಮ್ಮ ಹೋಟೆಲಿನಲ್ಲಿ ನಾನು ಎಲ್ಲರೆದುರು ಕೊಚ್ಚಿಕೊಳ್ಳುತ್ತಿದ್ದ ಕೋವಿ ಅದು. ಪ್ರದರ್ಶನವೊಂದಕ್ಕೆ ಅದರ ಇತಿಹಾಸ ಬರೆದುಕೊಡಬೇಕಿತ್ತು. ಹಿಡಿಯ ಅಡಿಯಲ್ಲಿ ಕೆತ್ತಿದ್ದ 'ಕೊರಗಪ್ಪ' ಎಂಬ ಹೆಸರು ಹಿಡಿದು ಊರಲ್ಲಿ ವಿಚಾರಿಸಿ, ಅವರ ಮಗಳಾದ ಈ ಅಜ್ಜಿಯ ಮನೆಗೆ ಹೋಗಿದ್ದೆ.

"ಹಂದಿ ಬೇಟೆಗೆಂದು ನಿಮ್ಮಜ್ಜ ಒಂದು ದಿನಕ್ಕೆ ತಕೊಂಡು ಹೋದದ್ದು. ಧಣಿಗಳ ಹತ್ತಿರ ವಾಪಸ್ ಕೇಳುವ ಧೈರ್ಯ ಅಪ್ಪನಿಗೆ ಬರಲೇ ಇಲ್ಲ." ಅಜ್ಜಿ ಬೈಯಲಿಲ್ಲ, ಚಹಾ ಕೊಟ್ಟರು. ಕೋವಿ ಮರಳಿಸುತ್ತೇನೆಂದೆ. "ನನಗೆ ಯಾಕೆ ಈಗ? ಅಪ್ಪನ ಹೆಸರು ಬರೆಯಿರಿ, ಸಾಕು," ಎಂದರು.

ಹೆಸರು ಬರೆದೆ. ಕೋವಿ ಅಜ್ಜನ ಕೈಗೆ ಬಂದ ಬಗೆ ಬರೆಯುವಾಗ ಮಾತ್ರ 'ವಾಪಸ್ ಕೊಡದೆ ಇಟ್ಟುಕೊಂಡದ್ದು' ಎನ್ನಲು ಪೆನ್ನು ಓಡದೆ, 'ಎರವಲು' ಎಂದಷ್ಟೇ ಬರೆದುಬಿಟ್ಟೆ. ಉಡುಗೊರೆಯೆಂಬ ಸುಳ್ಳು ಅಜ್ಜನದು; ಈ ಸುಳ್ಳು ನನ್ನದೇ.