ಕಮಾನಿನ ಕೆಳಗೆ ನಿಂತ ಕ್ವಾಸ್ಟ್ ಮೇಸ್ತ್ರಿ

ಗ್ರಾಲ್ವಿಟ್ಸ್ ಊರಿನ ಅರಮನೆಯನ್ನು ಕಟ್ಟಿಸಿದವರು ಫಾನ್ ಗ್ರಾಲ್ವಿಟ್ಸ್ ಧಣಿಗಳು, ಕಟ್ಟಿದವರು ಕ್ವಾಸ್ಟ್ ಮನೆತನದ ಗಾರೆಯವರು. ಮೊದಲು ಅಲ್ಲಿದ್ದದ್ದು ಕಂದಕದ ನಡುವಿನ ದಪ್ಪ ಕಲ್ಲಿನ ಗೋಪುರವೊಂದೇ. ಕಾಲ ಶಾಂತವಾಗಿ ಧಣಿಗಳಿಗೆ ಬೆಳಕು, ಸಂಗೀತ, ನೃತ್ಯ ಎಲ್ಲ ಬೇಕೆನಿಸಿದಾಗ ಅದರ ಪಕ್ಕದಲ್ಲಿ ಎತ್ತರದ ಕಿಟಕಿಗಳ ಇಟ್ಟಿಗೆ ಸೌಧ ಎದ್ದಿತು. ಎರಡರ ನಡುವೆ ಉಳಿದ ಸಂದಿಗೆ ಈಗಿನ ಮೇಸ್ತ್ರಿ ಟ್ರೌಗೊಟ್ ಕ್ವಾಸ್ಟನ ಮುತ್ತಜ್ಜ ದೊಡ್ಡ ಕಮಾನು ಹಾಕಿದ. ಗೋಪುರದ ಏಕೈಕ ಬಾಗಿಲು ಆ ಕಮಾನಿನ ಒಳಗೇ ಇತ್ತು.

"ಕ್ವಾಸ್ಟರ ಕಮಾನು ಯಾರ ಹೆಗಲಿಗೂ ಒರಗೋದಿಲ್ಲ ಕಣೋ" ಎಂದು ಟ್ರೌಗೊಟ್‌ನ ಅಪ್ಪ ಕುಡಿದಾಗಲೂ ಹೇಳುತ್ತಿದ್ದ, ಕುಡಿಯದಿದ್ದಾಗಲೂ ಹೇಳುತ್ತಿದ್ದ. ಹಿರಿಯ ಮೇಸ್ತ್ರಿಯ ಕೆಲಸವನ್ನು ಕಿರಿಯವನು ತಟ್ಟಿ ನೋಡುವುದು ಆ ಕಸುಬಿನಲ್ಲಿ ಮರ್ಯಾದೆಯಲ್ಲ. ಟ್ರೌಗೊಟ್ ಅರವತ್ತು ದಾಟಿದರೂ ತಟ್ಟಿ ನೋಡಿರಲಿಲ್ಲ.

ಯುದ್ಧ ಮುಗಿಯಿತು. ಗೆದ್ದ ಸೈನ್ಯಕ್ಕೆ ಹೆದರಿ ಧಣಿಗಳು ಒಂದು ಬೆಳಗ್ಗೆ ಗಾಡಿ ಹೂಡಿಕೊಂಡು ಪಶ್ಚಿಮಕ್ಕೆ ಹೊರಟುಹೋದರು. ಅವರ ಹೊಲಗಳನ್ನು ಹಂಚಿದ್ದಾಯಿತು. ಹೊಲ ಸಿಕ್ಕವರಿಗೆ ಮನೆ ಬೇಕಲ್ಲ, ಮನೆಗೆ ಇಟ್ಟಿಗೆ ಬೇಕಲ್ಲ. ಸೌಧವನ್ನು ಕೆಡವಿ ಇಟ್ಟಿಗೆ ತೆಗೆಯಿರಿ ಎಂದು ಆಜ್ಞೆ ಬಂತು. ಗೋಪುರದಲ್ಲಿ ಯುದ್ಧದಲ್ಲಿ ನೆಲೆ ಕಳೆದುಕೊಂಡು ಪೂರ್ವದ ಸೈಲೀಷಿಯಾ ಪ್ರಾಂತದಿಂದ ಓಡಿಬಂದ ಕುಟುಂಬಗಳಿದ್ದುದರಿಂದ ಅದು ಮಾತ್ರ ಉಳಿಯಬೇಕಿತ್ತು. ಕೆಡವುವ ಕೆಲಸ ಟ್ರೌಗೊಟ್‌ನ ಪಾಲಿಗೇ ಬಂತು.

"ಮುತ್ತಜ್ಜ ಪೇರಿಸಿದ್ದು, ಮರಿಮಗ ಇಳಿಸಿದ್ದು. ಲೆಕ್ಕ ಚುಕ್ತಾ ಆಯ್ತು ಬಿಡು" ಎಂದು ಮೇಯರ್ ಬ್ರೋಸೆ ಚುಚ್ಚಿದ. ಅವನು ಟ್ರೌಗೊಟ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು.

ಕಮಾನಿಗೆ ತಾಗಿದ್ದ ಕೊನೆಯ ಗೋಡೆ ಇಳಿದ ದಿನ ಕಮಾನಿನ ಅರ್ಧ ಭಾಗ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಗೋಪುರದ ಗೋಡೆಯ ಮೇಲೆ ಮಿಂಚಿನ ಹಾಗೆ ಒಂದು ಬಿರುಕು ಮೂಡಿತು. ಮುತ್ತಜ್ಜನ ಕಮಾನು ಇಷ್ಟು ಕಾಲವೂ ಸೌಧದ ಹೆಗಲಿಗೆ ಒರಗಿಯೇ ನಿಂತಿತ್ತು ಎಂಬುದು ಟ್ರೌಗೊಟ್‌ಗೆ ಆಗ ತಿಳಿಯಿತು. ಅವನು ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟ.

ಮರುದಿನವೇ ಕೆಲಸಕ್ಕಿಳಿದು ಅವನು ಸೌಧದ ಇಟ್ಟಿಗೆಯಿಂದ ಹೊಸ ಆಧಾರಗಂಬ ಕಟ್ಟಿದ. ಕಮಾನಿನ ಕೆಳಗೆ ಮರದ ಆಸರೆ ಕೊಟ್ಟು, ಬಿದ್ದ ಅರ್ಧವನ್ನು ಮತ್ತೆ ಸೇರಿಸಿದ. ಗೋಪುರದ ಬಿರುಕಿಗೆ ಅಡ್ಡಲಾಗಿ ಜಿಪ್ಸಂ ಪಟ್ಟಿ ಬಳಿದ. ಗೋಡೆ ಕೂದಲೆಳೆಯಷ್ಟು ಸರಿದರೂ ಆ ಪಟ್ಟಿ ಒಡೆಯುತ್ತದೆ, ಒಡೆದರೆ ಗೋಪುರವನ್ನು ನಂಬುವಂತಿಲ್ಲ. ಇನ್ನು ಸುಣ್ಣದ ಗಾರೆ ಗಟ್ಟಿಯಾಗಲು ಬಿಸಿಲು ಬೇಕಿತ್ತು. ಆದರೆ ಬಂದದ್ದು ಚಳಿ ಮಳೆಯ ನವೆಂಬರ್.

ಅದರ ಜೊತೆಗೆ ಬ್ರೋಸೆಯೂ ಬಂದ. "ಜಿಲ್ಲೆಯವರು ಹೇಳಿ ಕಳಿಸಿದ್ದಾರೆ. ಆಸರೆ ಮೇಲೆ ನಿಂತಿರೋ ಕಟ್ಟಡದಲ್ಲಿ ಜನ ಇರೋ ಹಾಗಿಲ್ಲವಂತೆ. ಶನಿವಾರದೊಳಗೆ ಆಸರೆ ತೆಗಿ. ಇಲ್ಲಾಂದ್ರೆ ಗೋಪುರದಲ್ಲಿರೋ ಎಲ್ಲರನ್ನೂ ನಿರಾಶ್ರಿತರ ಶಿಬಿರಕ್ಕೆ ಕಳಿಸ್ತೀನಿ."

"ಗಾರೆ ಇನ್ನೂ ಹಸಿ ಇದೆಯಲ್ಲಯ್ಯ!"

"ನನಗೂ ಗೊತ್ತು. ಶನಿವಾರದೊಳಗೆ ಒಣಗು ಅಂತ ಗಾರೆಗೆ ಹೇಳು."

ಶಿಬಿರದಲ್ಲಿ ಟೈಫಸ್ ಜ್ವರ ಹಬ್ಬಿತ್ತು. ಗೋಪುರದ ಮೇಲಿನ ಅಂತಸ್ತಿನಲ್ಲಿದ್ದ ಹೆಡ್ವಿಗ್ ಕಾಲುಜಾ ಎಂಬಾಕೆಯ ಗಂಡ ಸತ್ತದ್ದೂ ಅಂಥದೇ ಒಂದು ಶಿಬಿರದಲ್ಲಿ. ಅವಳ ಮಗಳು ಇನ್ನೂ ಕೆಮ್ಮುತ್ತಲೇ ಇದ್ದಳು.

ಶನಿವಾರ ಎಲ್ಲರೂ ಗೋಪುರದಿಂದ ಹೊರಬಂದು ಕಂದಕದ ಆಚೆ ಗಂಟುಮೂಟೆ ಹಿಡಿದು ನಿಂತರು. ಹೊಸ ಕಮಾನಿನ ಆಸರೆ ತೆಗೆಯುವಾಗ ಅದನ್ನು ಕಟ್ಟಿದ ಮೇಸ್ತ್ರಿ ಅದರ ಕೆಳಗೇ ನಿಲ್ಲಬೇಕು ಎಂಬುದು ಕ್ವಾಸ್ಟರ ಹಳೆಯ ಪದ್ಧತಿ. ಟ್ರೌಗೊಟ್ ಟೋಪಿ ಸರಿಮಾಡಿಕೊಂಡು ನಡುಮಧ್ಯೆ ನಿಂತ. ಇಬ್ಬರು ಬಡಗಿಗಳು ಹೊರಗಡೆಯಿಂದಲೇ ಉದ್ದ ಕೋಲಿನಿಂದ ಆಸರೆಯ ಕೆಳಗೆ ಬಿಗಿದಿದ್ದ ಬೆಣೆಗಳನ್ನು ಸಡಿಲಿಸಬೇಕಿತ್ತು.

"ಲೋ ಟ್ರೌಗೊಟ್, ಹುಚ್ಚು ಬಿಡೋ. ಯಾವ ಕಾಲದ ಶಾಸ್ತ್ರ ಅದು?" ಎಂದ ಬ್ರೋಸೆ.

"ನಾನು ನಿಲ್ಲದ ಜಾಗದಲ್ಲಿ ಅವರಿಗೆ ಓಡಾಡಿ ಅಂತ ಯಾವ ಬಾಯಲ್ಲಿ ಹೇಳಲಿ? ನೀನು ಏಣಿ ಹತ್ತಿ ಆ ಜಿಪ್ಸಂ ಪಟ್ಟಿ ನೋಡ್ತಾ ಇರು. ಒಡೆದರೆ ಕೂಗು."

ಮೊದಲ ಬೆಣೆ ಸಡಿಲವಾಯಿತು. ಮರ ನರಳಿತು. ಎರಡನೆಯದಕ್ಕೆ ಟೋಪಿಯ ಮೇಲೆ ಗಾರೆಯ ಪುಡಿ ಉದುರಿತು. ಟ್ರೌಗೊಟ್ ತಲೆಯೆತ್ತಲಿಲ್ಲ. ತಲೆಯೆತ್ತಿದರೆ ಓಡಿಬಿಡುತ್ತೇನೆ ಎಂಬ ಭಯ ಅವನಿಗಿತ್ತು.

ಅಷ್ಟರಲ್ಲಿ ಪಕ್ಕದಲ್ಲಿ ಹೆಜ್ಜೆ ಸಪ್ಪಳ ಕೇಳಿತು. ಹೆಡ್ವಿಗ್ ಬಂದು ನಿಂತಿದ್ದಳು.

"ಏಯ್, ಹೊರಗೆ ಹೋಗಮ್ಮ! ನಿನಗೇನು ಬುದ್ಧಿಗಿದ್ದಿ ಕೆಟ್ಟಿದೆಯಾ?"

"ನೀವು ಇವತ್ತೊಂದು ದಿನ ನಿಲ್ತೀರಿ ಮೇಸ್ತ್ರಿಗಳೇ. ನಾನು ದಿನಾ ಕಲ್ಲಿದ್ದಲ ಬಕೆಟ್ ಹಿಡಕೊಂಡು ಇದರ ಕೆಳಗೇ ಹೋಗಬೇಕು. ನನಗೂ ಗೊತ್ತಾಗಲಿ."

"ಮಗು ಗತಿ?"

ಕಂದಕದ ಆಚೆಯಿಂದ ಕೆಮ್ಮು ಕೇಳಿಸಿತು. ಟ್ರೌಗೊಟ್ ಅವಳ ತೋಳು ಹಿಡಿದು ಹೊರಕ್ಕೆ ದಬ್ಬಿದ. "ತಟ್ಟಿ ನೋಡದೆ ಗೋಡೆ ಕೆಡವಿದ್ದು ನನ್ನ ತಪ್ಪು. ನನ್ನದನ್ನ ನನಗೇ ಬಿಡು" ಎಂದ. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಆಧಾರಗಂಬದ ಪಕ್ಕ ನಿಂತಳು. ಅದಕ್ಕಿಂತ ಆಚೆ ಹೋಗಲಿಲ್ಲ.

ಕೊನೆಯ ಬೆಣೆ ಬಿಗಿದುಕೊಂಡಿತ್ತು. ಬಡಗಿ ಹೊಡೆದ. ಅದು ಅಲುಗಲಿಲ್ಲ. ಮತ್ತೆ ಹೊಡೆದ. ಬೆಣೆ ಹಾರಿತು, ಮರದ ಆಸರೆ ಒಂದು ಬೆರಳಿನಷ್ಟು ಕೆಳಗಿಳಿಯಿತು. ಅದರ ಹಿಂದೆಯೇ ಕಮಾನು 'ಕರ್‌ರ್' ಎಂದು ಉಗುರಿನ ದಪ್ಪದಷ್ಟು ಕೆಳಕ್ಕೆ ಕೂತಿತು. ಒಂದು ಇಟ್ಟಿಗೆ ಚೂರು ಟ್ರೌಗೊಟ್‌ನ ಭುಜಕ್ಕೆ ಬಡಿದು ಬಿತ್ತು. ಹೊರಗೆ ಯಾರೋ ಹೆಂಗಸು ದೇವರ ಹೆಸರು ಕೂಗಿದಳು.

"ಬ್ರೋಸೆ! ಪಟ್ಟಿ?"

ಏಣಿ ಕಿರುಗುಟ್ಟಿತು, ಅಷ್ಟೇ.

"ಬ್ರೋಸೆ, ಬಾಯಿ ಸತ್ತುಹೋಯ್ತೇನೋ?"

"ತಡಿಯೋ, ಕನ್ನಡಕ ಒರೆಸ್ಕೊತಿದೀನಿ!" ಬ್ರೋಸೆ ಏಣಿಯ ಮೇಲೆ ನಿಂತು ಪಟ್ಟಿಗೆ ಮೂಗು ತಾಗಿಸಿಕೊಂಡು ನೋಡುತ್ತಿದ್ದ. ಬೆರಳಿನಿಂದ ಸವರಿದ. ಮತ್ತೆ ಸವರಿದ. "ಒಡೆದಿಲ್ಲ" ಎಂದ. "ಒಡೆದಿಲ್ಲ ಕಣೋ, ಹಾಗೇ ಇದೆ."

ಆಸರೆ ತೆಗೆದಾಗ ಹೊಸ ಕಮಾನು ಒಂದು ಸಲ ಕೂತೇ ಕೂರುತ್ತದೆ. ಗೋಪುರ ಸರಿಯಲಿಲ್ಲ ಎಂಬುದೇ ಮುಖ್ಯ. ಆದರೂ ಟ್ರೌಗೊಟ್ ಯಾರನ್ನೂ ಒಳಗೆ ಬಿಡಲಿಲ್ಲ. ಮಧ್ಯಾಹ್ನದ ಗಂಟೆ ಬಾರಿಸುವವರೆಗೂ ಅಲ್ಲೇ ನಿಂತ. ಬ್ರೋಸೆ ಮತ್ತೊಮ್ಮೆ ಏಣಿ ಹತ್ತಿ, ಪಟ್ಟಿ ನೋಡಿ ಇಳಿದ. ಆಮೇಲಷ್ಟೇ ಟ್ರೌಗೊಟ್ ಕೈ ಬೀಸಿದ. ಜನ ಗಂಟು ಹೊತ್ತು, ತಲೆ ತಗ್ಗಿಸಿ, ಬೇಗ ಬೇಗ ಒಳಗೆ ಹೋದರು. ಹೆಡ್ವಿಗ್ ಮಾತ್ರ ಮಗಳನ್ನು ಎತ್ತಿಕೊಂಡು ನಿಧಾನವಾಗಿ, ಮೇಲೆ ನೋಡಿಕೊಂಡೇ ದಾಟಿದಳು.

ಎಲ್ಲರೂ ಹೋದ ಮೇಲೆ ಹೊರಗೆ ಬರಲು ಟ್ರೌಗೊಟ್ ಕಾಲೆತ್ತಿದ. ಕಾಲು ಏಳಲಿಲ್ಲ. ಇನ್ನೊಂದೂ ಏಳಲಿಲ್ಲ.

ಹೆಡ್ವಿಗ್ ಮೆಟ್ಟಿಲ ಮೇಲಿಂದ ನೋಡಿದಳು. ಮಗಳನ್ನು ಕೆಳಗಿಳಿಸಿ ಒಂದು ಕುರ್ಚಿ ಹಿಡಿದು ಬಂದಳು. "ಕೂತ್ಕೊಳ್ಳಿ ಮೇಸ್ತ್ರಿಗಳೇ. ಕಾಫಿ ಕಾಸ್ತೀನಿ. ಬಾರ್ಲಿ ಹುರಿದು ಮಾಡಿದ್ದೇ, ಮುಖ ಸಿಂಡರಿಸಬೇಡಿ."

"ಇಲ್ಲೇ ಕೂರಬೇಕಾ?"

"ಯಾಕೆ? ನಿಮ್ಮ ಕಮಾನು ತಾನೇ?"

ಟ್ರೌಗೊಟ್ ಕೊನೆಗೂ ತಲೆಯೆತ್ತಿ ನೋಡಿದ. ಆಮೇಲೆ ಕುರ್ಚಿಯ ಬೆನ್ನು ಹಿಡಿದು, ಮೆಲ್ಲಗೆ, ಕಮಾನಿನ ಕೆಳಗೇ ಕೂತ.