ಕಲ್ಲು ಕುಸಿಯಿತೋ, ಶನಿ ಓಡಿದನೋ

ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂಬ ಹೆಸರು ಬಂದು ಎರಡು ಮೂರು ತಿಂಗಳಾಗಿತ್ತು. 1974ರ ಸಂಕ್ರಾಂತಿ ಮುಗಿದ ಮರುವಾರ. ಬಾಲದ ಚುಕ್ಕಿಯೊಂದು ಬಂದಿದೆ, ಸಂಜೆ ಹೊತ್ತು ಕಾಣುತ್ತದೆ ಎಂದು ಪೇಪರಿನಲ್ಲಿ ಓದಿದ ನಮ್ಮ ಶಹಾಬಾದದ ಜನ ದಿನಾ ಮಾಳಿಗೆ ಹತ್ತಿ ಕತ್ತು ನೋಯಿಸಿಕೊಂಡು ಇಳಿಯುತ್ತಿದ್ದರು. ಯಾರಿಗೂ ಏನೂ ಕಂಡಿರಲಿಲ್ಲ. ಅಂಥದರಲ್ಲಿ ಗುಲಬರ್ಗಾದ ಕಾಲೇಜೊಂದರ ಲೆಕ್ಚರರ್ ರಾಮರಾವ್ ಎಂಬವರು ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ಶನಿವಾರ ಮತ್ತು ರವಿವಾರ ಸಂಜೆ ಆಕಾಶದ ಬಗ್ಗೆ ಭಾಷಣ ಮಾಡಿ, ದುರ್ಬೀನಿನಲ್ಲಿ ಎಲ್ಲರಿಗೂ ಚುಕ್ಕಿ ತೋರಿಸುತ್ತಾರೆ ಎಂದು ಹೆಡ್ ಮಾಸ್ತರರು ಡಂಗುರ ಹೊಡೆಸಿದರು.

ನಾನು ಬಸಣ್ಣ, ಕಲ್ಲಿನ ಮಿಸ್ತ್ರಿ. ನಾಲ್ಕನೇ ಇಯತ್ತೆ ಅರ್ಧಕ್ಕೆ ಬಿಟ್ಟು ಖಣಿಗೆ ಹೋದವನು. ನೆಲಕ್ಕೆ ಹಾಸುವ ಫರ್ಶಿ ಕಲ್ಲು ಕಡಿಯುವುದು, ಉಜ್ಜುವುದು, ಹಾಸುವುದು ಎಲ್ಲವನ್ನೂ ಕೈಯಿಂದಲೇ ಕಲಿತೆ. ನಾನು ಹಾಸಿದ ನೆಲದ ಮೇಲೆ ನೀರು ಚೆಲ್ಲಿದರೆ ಅದು ಯಾವ ಕಡೆ ಹರಿಯಬೇಕೆಂದು ನಾನು ಹೇಳಿರುತ್ತೇನೋ ಆ ಕಡೆಗೇ ಹರಿಯುತ್ತದೆ. ಇದು ಜಂಬ ಅನ್ನಿಸಿದರೆ ಅನ್ನಿಸಲಿ.

ರಾಮರಾವ್ ಸರ್ ಗುರುವಾರವೇ ಬಂದು ಮೈದಾನ ನೋಡಿದರು. ಅವರ ದುರ್ಬೀನಿಗೆ ಇದ್ದದ್ದು ಗೇಣುದ್ದದ ಕಬ್ಬಿಣದ ಕಾಲು, ಮೇಜಿನ ಮೇಲೆ ಇಡುವಂಥದ್ದು. ಶಾಲೆಯ ಮೇಜುಗಳೋ, ಒಂದು ಕಾಲು ಊರಿದರೆ ಇನ್ನೊಂದು ಎದ್ದು ನಿಲ್ಲುತ್ತಿದ್ದವು. ಹೆಡ್ ಮಾಸ್ತರರು ನನಗೆ ಹೇಳಿ ಕಳಿಸಿದರು.

"ಮಿಸ್ತ್ರಿ, ಎದಿ ಮಟ್ಟದ ಒಂದು ಕಲ್ಲಿನ ಕಟ್ಟಿ ಬೇಕ್ರಿ. ಎಮ್ಮಿ ಬಂದು ಮೈ ತಿಕ್ಕಿದ್ರೂ ಅಳ್ಳಾಡಬಾರದು," ಅಂದರು ಲೆಕ್ಚರರು.

"ಶಾಬಾದಿಗಿ ಬಂದು ಕಲ್ಲಿನ ಚಿಂತಿ ಮಾಡ್ತೀರೇನ್ರಿ ಸರ? ಎಮ್ಮಿ ಸೋತು ಮನಿಗಿ ಹೋಗಬೇಕು, ಹಂಗ ಕೂಡಸ್ತೀನಿ," ಅಂದೆ.

ಅಂದೇ ಅಗೆದೆ. ನಮ್ಮೂರಲ್ಲಿ ಎರಡು ಅಡಿ ಕರಿಮಣ್ಣು ತೆಗೆದರೆ ಕೆಳಗೆ ಹಾಸುಬಂಡೆ ಸಿಗುತ್ತದೆ. ಮೂರು ಮೂಲೆಗೆ ಬಂಡೆ ಸಿಕ್ಕಿತು. ಮೂಡಣ ಮೂಲೆಗೆ ಮಾತ್ರ ಸಿಗಲಿಲ್ಲ, ಹಾರೆ ಮಣ್ಣಿನಲ್ಲೇ ಇಳಿಯುತ್ತ ಹೋಯಿತು. ಹೊತ್ತು ಮುಳುಗಿತ್ತು. ಆ ಮೂಲೆಗೆ ಕಡಿ, ಅಂದರೆ ಒಡೆದ ಸಣ್ಣ ಕಲ್ಲು, ತುಂಬಿ, ದಮ್ಮಸು ಹೊಡೆದು, ಮೇಲೆ ದಪ್ಪ ಫರ್ಶಿಗಳನ್ನು ಒಂದರ ಮೇಲೊಂದು ಸಿಮೆಂಟಿನಲ್ಲಿ ಕೂರಿಸಿದೆ. ತುದಿಗೆ ಎರಡಡಿ ಚೌಕದ, ಕನ್ನಡಿಯಂತೆ ಉಜ್ಜಿದ ಕಲ್ಲು. ಮಟ್ಟ ನೋಡುವ ಪಾಣಸಾಳ ಇಟ್ಟರೆ ಗುಳ್ಳೆ ನಟ್ಟನಡುವೆ ನಿಂತಿತು. ಮೂಡಣ ಮೂಲೆಯ ಸುದ್ದಿ ನಾನು ಯಾರಿಗೂ ಹೇಳಲಿಲ್ಲ.

ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಮೈದಾನ ತುಂಬಿತ್ತು. ಖಣಿಯ ಕೂಲಿಗಳು, ಸಿಮೆಂಟ್ ಫ್ಯಾಕ್ಟರಿಯವರು, ಬುರ್ಖಾ ಹಾಕಿದ ಹೆಣ್ಣುಮಕ್ಕಳು, ಕಾಳಗಿಯ ಕಡೆಯಿಂದ ಬಂದ ಒಂದು ಬಂಡಿ ಜನ. ಬಾಲದ ಚುಕ್ಕಿ ಈ ಸಲ ಮೋಸ ಮಾಡಿದೆ, ಅದರ ಬದಲಿಗೆ ಶನಿಯನ್ನು ತೋರಿಸುತ್ತೇನೆ ಎಂದರು ಸರ್. ಶನಿವಾರ ಶನಿಯ ಮುಖ ನೋಡಬಹುದೋ ಬಾರದೋ ಎಂದು ಹಿಂದೆ ಸಣ್ಣ ಗದ್ದಲ ಎದ್ದಿತು. ಒಬ್ಬ ಅಜ್ಜಿ, "ಅಂವಾ ನಮ್ಮನ್ನ ದಿನಾ ನೋಡ್ತಾನ. ನಾವು ಒಮ್ಮಿ ನೋಡಿದ್ರ ಏನಾಗ್ತದ?" ಎಂದು ಎಲ್ಲರಿಗಿಂತ ಮುಂದೆ ಬಂದು ನಿಂತಳು.

ಸರ್ ದುರ್ಬೀನು ಹೂಡಿ, "ಮಿಸ್ತ್ರಿ, ಯಾರೂ ಕೊಳವಿಗಿ ಕೈ ಹಚ್ಚದಂಗ ನೋಡ್ಕೋರಿ," ಎಂದು ಮೈಕಿನ ಕಡೆ ಹೋದರು. ಅಜ್ಜಿ ನೋಡಿದಳು. "ಅಯ್ಯ ಶಿವನೇ, ಬಳಿ ಇಟ್ಕೊಂಡಾನ!" ಎಂದು ಕೈ ಮುಗಿದಳು. ಮತ್ತೆ ಮೂವರು ನೋಡಿದರು. ಐದನೆಯವನು ಹಣಮಂತ. ಅವನೂ ಫರ್ಶಿ ಮಿಸ್ತ್ರಿಯೇ. ನಾನು ಹಾಸಿದ ನೆಲಕ್ಕೆ ಅವನು, ಅವನು ಹಾಸಿದ್ದಕ್ಕೆ ನಾನು ಹೆಸರಿಡುವುದು ಮೊದಲಿನಿಂದ ನಡೆದು ಬಂದದ್ದು.

"ಏನೂ ಇಲ್ಲಲ್ಲೋ ಬಸಣ್ಣ ಇದರಾಗ! ಬರೇ ಕತ್ತಲಿ ಅದ."

ಸರ್ ಬಂದು ಕೊಳವೆಯನ್ನು ಕೂದಲಷ್ಟು ಮೇಲೆತ್ತಿದರು. ಶನಿ ಬಂದ. ನಾಲ್ವರು ನೋಡುವಷ್ಟರಲ್ಲಿ ಮತ್ತೆ ಹೋದ. ಮತ್ತೆ ಕೂದಲಷ್ಟು ಮೇಲೆ. ಮತ್ತೆ ಹೋದ. ನಾನು ಅಲ್ಲೇ ನಿಂತಿದ್ದೆ, ಒಬ್ಬರೂ ಮುಟ್ಟಿರಲಿಲ್ಲ. ಮೂರನೆಯ ಸಲ ಕೊಳವೆಯ ಹಿಂದೆ ನಿಂತು ದಿಕ್ಕು ನೋಡಿದೆ. ಕೊಳವೆ ನೋಡುತ್ತಿದ್ದದ್ದು ಮೂಡಣಕ್ಕೆ. ಪ್ರತಿ ಸಲವೂ ಮೇಲೆತ್ತಬೇಕಾಗುತ್ತಿದೆ ಎಂದರೆ ಮುಂದಿನ ಮೂಲೆ ಕೆಳಗೆ ಇಳಿಯುತ್ತಿದೆ ಎಂದೇ ಅರ್ಥ. ಅದೇ ಮೂಲೆ.

ಹಣಮಂತ ಕುಕ್ಕರಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಕಲ್ಲಿನ ಅಂಚು ನೋಡಿದ. ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದ: "ಕಲ್ಲು ಕುಂತದ್ರಿ. ಹಿಡಿದ್ರ ಏಳೂವರಿ ವರ್ಷ ಬಿಡದ ಶನಿ, ನಮ್ಮ ಬಸಣ್ಣನ ಕಲ್ಲಿನ ಮ್ಯಾಲ ಎರಡು ಮಿನಿಟ್ ನಿಲ್ಲವಲ್ಲ!"

ಮೈದಾನವೆಲ್ಲ ನಕ್ಕಿತು. ಸರ್ ಮೈಕಿನಲ್ಲಿ, "ಕಲ್ಲಿಂದೇನೂ ತಪ್ಪಿಲ್ರಿ. ನಾವು ನಿಂತ ಭೂಮಿನೇ ತಿರುಗಲಿಕತ್ತದ," ಅಂದರು. ಜನ ಇನ್ನೂ ಜೋರಾಗಿ ನಕ್ಕರು. ಭೂಮಿ ತಿರುಗುತ್ತದೆ ಎಂದು ಶಾಲೆಯಲ್ಲಿ ನಾನೂ ಓದಿದ್ದೆ. ಅದು ಪರೀಕ್ಷೆಗೆ ಹೇಳುವ ಮಾತು ಎಂದುಕೊಂಡಿದ್ದೆ. ಎರಡು ನಿಮಿಷದಲ್ಲಿ ಕಣ್ಣೆದುರೇ ಕಾಣುವ ಮಾತು ಎಂದು ಯಾರು ಹೇಳಿದ್ದರು? ಪಾಪ, ನನ್ನ ಇಜ್ಜತ್ತು ಉಳಿಸಲು ಸರ್ ಸುಳ್ಳು ಹೇಳುತ್ತಿದ್ದಾರೆ ಎಂದೇ ತಿಳಿದೆ. ಜನರ ನಗೆಗಿಂತ ಆ ಕರುಣೆಯೇ ಹೆಚ್ಚು ಚುಚ್ಚಿತು. ಸಾಲಿನಲ್ಲಿ ಬೇಳೆ ಮಿಲ್ಲಿನ ಸಾವ್ಕಾರರ ಲೆಕ್ಕ ಬರೆಯುವ ಮುನೀಮನೂ ಇದ್ದ. ಸಾವ್ಕಾರರ ಹೊಸ ಮನೆಯ ನೆಲ ಹಾಸುವುದು ನನಗೇ ಎಂದು ಮಾತಾಗಿತ್ತು. ಅವನು ಹೋಗುವಾಗ, "ಸೋಮವಾರ ಬರಬ್ಯಾಡ ಬಸಣ್ಣ. ನಾವೇ ಹೇಳಿ ಕಳಸ್ತೀವಿ," ಅಂದ.

ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತೆ. ಹೆಂಡತಿ ನೀಲಮ್ಮ ರೊಟ್ಟಿ ಹಾಕಿದಳು. "ಕುಂತಿದ್ರ ಕುಂತದ ಅಂತ ಒಪ್ಕೋರಿ. ಕಲ್ಲು ಕುಂತ್ರ ಎಬ್ಬಸ್ಲಿಕ್ಕ ಬರ್ತದ. ನೀವು ಕುಂತ್ರ ಯಾರು ಎಬ್ಬಸಬೇಕು?" ಅಂದಳು.

ರವಿವಾರ ಬೆಳಗ್ಗೆ ಬಿಸಿಲೇರುವ ಮೊದಲೇ ಹಾರೆ ಹಿಡಿದು ಮೈದಾನಕ್ಕೆ ಹೋದೆ. ಯಾರೂ ನೋಡುವ ಮೊದಲು ಆ ಮೂಲೆ ಬಿಚ್ಚಿ ಸರಿ ಮಾಡಬೇಕೆಂದು. ಶಾಲೆಯಲ್ಲೇ ಉಳಿದಿದ್ದ ಸರ್ ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತ ಬಂದರು.

"ಏನ್ ಮಾಡ್ಲಿಕತ್ತೀರಿ ಮಿಸ್ತ್ರಿ?"

"ಸರ, ನೀವು ದೊಡ್ಡವರು. ಆದ್ರ ನನ್ನ ಮ್ಯಾಲ ಕನಿಕರ ಬ್ಯಾಡ್ರಿ. ಭೂಮಿ ಹೆಸರು ಹೇಳಿ ನನ್ನ ತಪ್ಪು ಮುಚ್ಚಬ್ಯಾಡ್ರಿ. ಈ ಮೂಲಿಗಿ ಕೆಳಗ ಹಾಸುಬಂಡಿ ಸಿಕ್ಕಿಲ್ಲ. ಕಡಿ ತುಂಬೀನಿ. ಯಾರಿಗೂ ಹೇಳಿದ್ದಿಲ್ಲ, ಈಗ ನಿಮಗ ಹೇಳೀನಿ."

ಬೈಯುತ್ತಾರೆ ಅಂದುಕೊಂಡೆ. ಅವರು ಕಡ್ಡಿ ಉಗಿದು, ಕಟ್ಟೆಯ ಸುತ್ತ ಒಂದು ಸುತ್ತು ಹಾಕಿದರು. ಮುಖದಲ್ಲಿ ಏನೋ ಖುಷಿ.

"ಹಂಗಾದ್ರ ನಾನೂ ಖಾತ್ರಿ ಹೇಳ್ಲಿಕ್ಕ ಬರಂಗಿಲ್ಲ. ಭೂಮಿ ತಿರುಗೂದು ಖರೇ. ಆದ್ರ ಅದರ ಜೋಡಿ ಕಲ್ಲೂ ಕುಂತಿರಬಹುದು. ಎರಡೂ ಕೂಡಿದ್ರ ಬ್ಯಾರಿ ಮಾಡೂದು ಹ್ಯಾಂಗ? ನೀವು ಕಲ್ಲಿನವರು, ನೀವೇ ಹೇಳ್ರಿ. ಅಲ್ಲಿತನಕ ಹಾರಿ ಹಚ್ಚಬ್ಯಾಡ್ರಿ."

ಓದಿದವರೊಬ್ಬರು ನನ್ನನ್ನು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಹಾರೆ ಕೆಳಗಿಟ್ಟೆ. ಪಾಣಸಾಳದ ಗುಳ್ಳೆ ನಡುವೆಯೇ ಇತ್ತು. ಆದರೆ ಕೂದಲಷ್ಟು ಇಳಿದದ್ದನ್ನು ಗುಳ್ಳೆ ಹೇಳುವುದಿಲ್ಲ, ಅದು ನನಗೆ ಗೊತ್ತು. ಇಡೀ ದಿನ ಅದೇ ಯೋಚನೆ. ಊಟಕ್ಕೆ ಕೂತಾಗ ತಟ್ಟನೆ ಹೊಳೆಯಿತು. ಗೋಡೆ ವಾಲಿದೆಯೋ ಇಲ್ಲವೋ ನೋಡಲು ನಾವು ದೂರದ ಒಂದು ಗಟ್ಟಿ ಗುರುತು ಹಿಡಿದು ಅದರ ನೇರಕ್ಕೆ ಕಣ್ಣಿಟ್ಟು ನೋಡುತ್ತೇವೆ. ಮೈದಾನದಿಂದ ಮೂಡಣಕ್ಕೆ, ವಾಡಿ ಕಡೆಗೆ ಹೋಗುವ ಹಳಿಯ ಮೇಲೆ ರೈಲಿನ ಸಿಗ್ನಲ್ ದೀಪ ಇದೆ. ದುರ್ಬೀನನ್ನು ಅದಕ್ಕೆ ಹೂಡಿದರೆ? ಕಲ್ಲು ಕುಸಿಯುತ್ತಿದ್ದರೆ ಆ ದೀಪವೂ ಶನಿಯ ಹಾಗೇ ಕಣ್ಣಿನಿಂದ ಜಾರಿ ಹೋಗಬೇಕು. ದೀಪ ನಿಂತು ಶನಿ ಒಬ್ಬನೇ ಹೋದರೆ ತಪ್ಪು ಕಲ್ಲಿನದಲ್ಲ.

ಕೈ ತೊಳೆಯದೆ ಓಡಿದೆ. ಸರ್ ಕೇಳಿ ನನ್ನ ಎರಡೂ ಕೈ ಹಿಡಿದುಕೊಂಡರು. "ಮೊದಲು ನಾವಿಬ್ರೇ ನೋಡೂಣೇನು?" ಅಂದರು.

"ಬ್ಯಾಡ್ರಿ. ನಕ್ಕವರೆಲ್ಲರ ಮುಂದನೇ ಆಗ್ಲಿ."

ಸಂಜೆ ನಿನ್ನೆಗಿಂತ ಹೆಚ್ಚು ಜನ. ಶನಿ ಓಡಿದ ಸುದ್ದಿಯೇ ಅವರನ್ನು ಕರೆದು ತಂದಿತ್ತು. ಸರ್ ಮೈಕು ನನ್ನ ಕೈಗೆ ಕೊಟ್ಟರು. ನಾನು ಮೈಕು ಹಿಡಿದವನಲ್ಲ. "ಮೂಡಣ ಮೂಲಿಗಿ ಹಾಸುಬಂಡಿ ಸಿಕ್ಕಿಲ್ರಿ. ಕಡಿ ತುಂಬೀನಿ. ಕಲ್ಲು ಕುಂತಿದ್ರ ಈ ಹೊತ್ತು ಗೊತ್ತಾಗ್ತದ," ಎಂದು ಹೇಳಿ, ಸಿಗ್ನಲ್ ದೀಪದ ಸಂಗತಿ ವಿವರಿಸಿ ಕೆಳಗಿಟ್ಟೆ. ದೀಪ ಸರಿದರೆ ಈ ಊರಿನಲ್ಲಿ ಯಾರೂ ನನ್ನಿಂದ ಒಂದು ಹೊಸ್ತಿಲು ಕಲ್ಲನ್ನೂ ಹಾಕಿಸುವುದಿಲ್ಲ.

ಸರ್ ದೀಪಕ್ಕೆ ಕೊಳವೆ ಹೂಡಿದರು. ಮೊದಲು ಹಣಮಂತನನ್ನೇ ಕರೆದೆ.

"ಏ, ಕಂಬ ತಲಿಕೆಳಗ ನಿಂತದಲ್ಲೋ!"

"ಗಾಜಿನ ಗುಣ ಅದು," ಅಂದರು ಸರ್. "ದೀಪ ನಡುವ ಅದ ಏನ್ರಿ?"

"ನಟ್ಟನಡುವ ಅದ. ಕೆಂಪಗ."

ಒಬ್ಬೊಬ್ಬರಾಗಿ ನೋಡಿದರು. ನಾಲ್ವರಾದರು, ಹತ್ತು ಜನರಾದರು. ಪ್ರತಿಯೊಬ್ಬರೂ "ನಡುವ ಅದ" ಎಂದಾಗ ನನ್ನ ಎದೆಯ ಮೇಲಿನ ಒಂದೊಂದು ಫರ್ಶಿ ಇಳಿಯುತ್ತಿತ್ತು. ಹಣಮಂತ ಸುಮ್ಮನಿರುವವನೇ? "ತಡೀರಿ, ಗಾಡಿ ಬರೋ ಟೈಮ್ ಆಗ್ಯದ. ಗಾಡಿ ಅಳ್ಳಾಡಿಸಿದ್ರ ಬಂಡವಾಳ ಬಯಲಾಗ್ತದ," ಎಂದು ತಾನೇ ಮತ್ತೆ ಕಣ್ಣಿಟ್ಟ. ಸ್ವಲ್ಪ ಹೊತ್ತಿಗೆ ಕೆಂಪು ದೀಪ ಹಸಿರಾಯಿತು. ಗೂಡ್ಸ್ ಗಾಡಿಯೊಂದು ಸದ್ದು ಮಾಡುತ್ತ ಹಾದುಹೋಯಿತು. ಪಾದದ ಕೆಳಗೆ ನೆಲ ನಡುಗಿದ್ದು ನನಗೇ ಗೊತ್ತಾಯಿತು. ನಾನು ಹಣಮಂತನ ಬೆನ್ನನ್ನೇ ನೋಡುತ್ತ ನಿಂತೆ. ಕೊನೆಯ ಡಬ್ಬಿ ಹೋಗಿ, ಸದ್ದು ಅಡಗಿ, ಇನ್ನೂ ಒಂದು ಗಳಿಗೆ ಅವನು ಏಳಲಿಲ್ಲ.

ಕಡೆಗೆ ತಲೆ ಎತ್ತಿ, "ನಡುಗಿತು. ನಡುಗಿ ಮತ್ತ ಎಲ್ಲಿತ್ತೋ ಅಲ್ಲೇ ಬಂದು ನಿಂತದ," ಅಂದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಆಮೇಲೆ ಶನಿಗೆ ಹೂಡಿದರು. ಎರಡು ನಿಮಿಷ. ಹೋದ. ಈ ಸಲ ಯಾರೂ ನಗಲಿಲ್ಲ. ಮೈದಾನವೆಲ್ಲ ಮೇಲೆ ನೋಡಿತು.

ಈಗ ನಾನು ಮೀಸೆ ತಿರುವಬೇಕಿತ್ತು. ಅದಕ್ಕಾಗಿಯೇ ಬಂದಿದ್ದೆ. ಆದರೆ ನನ್ನ ತಲೆ ಬೇರೆಲ್ಲೋ ಇತ್ತು. ದೀಪ ಯಾಕೆ ನಿಂತಿತು? ಅದೂ ನಮ್ಮ ನೆಲದಲ್ಲೇ ಊರಿದ ಕಂಬ. ನಾನು, ಕಟ್ಟೆ, ಕಂಬ, ಹಳಿ, ಶಹಾಬಾದ ಎಲ್ಲವೂ ಕೂಡಿಯೇ ಹೊರಟಿದ್ದೇವೆ. ಜೊತೆಗೆ ಹೊರಟವರು ಒಬ್ಬರಿಗೊಬ್ಬರು ನಿಂತ ಹಾಗೇ ಕಾಣುತ್ತೇವೆ. ಇದನ್ನು ಹಣಮಂತನಿಗೆ ಹೇಳಿದೆ. ಅವನು ಗದ್ದ ಕೆರೆದುಕೊಂಡ.

"ಅದು ಸರಿ ಬಸಣ್ಣ. ಆದ್ರ ನಾವೆಲ್ಲ ನಿಂತೀವಿ, ಶನಿನೇ ಓಡ್ತಾನ ಅಂದ್ರೂ ಹಿಂಗೇ ಕಾಣಬೇಕಲ್ಲ?"

ನಮ್ಮ ಕಸುಬಿನಲ್ಲಿ ಗೊತ್ತಿಲ್ಲ ಎಂದವನಿಗೆ ಕೆಲಸ ಇಲ್ಲ. ಅಲ್ಲಿಯವರೆಗೆ ಎಂಜಿನಿಯರ್ ಏನೇ ಕೇಳಲಿ, ಗೊತ್ತಿರಲಿ ಬಿಡಲಿ, ನಾನು ಥಟ್ಟನೆ ಏನಾದರೂ ಹೇಳಿಬಿಡುತ್ತಿದ್ದೆ. ಶಾಲೆ ಬಿಟ್ಟವನು ಎಂದು ಯಾರೂ ಅನ್ನಬಾರದಲ್ಲ, ಅದಕ್ಕೆ. ಅವತ್ತು ಅಷ್ಟು ಜನರ ನಡುವೆ, ಅದೂ ಹಣಮಂತನ ಎದುರಿಗೆ, "ನನಗ ಗೊತ್ತಿಲ್ಲೋ. ನಡಿ, ಸರಗ ಕೇಳೂಣು," ಅಂದೆ.

ಹಣಮಂತ ಗಕ್ಕನೆ ನಿಂತ. "ಬಸಣ್ಣನ ಬಾಯಾಗ ಈ ಮಾತು ಬಂತಂದ್ರ ಭೂಮಿ ಖರೇನೇ ತಿರುಗ್ಯದ!"

ನಾನೂ ನಕ್ಕೆ. ಇಬ್ಬರೂ ಹೋಗಿ ಸರ್ ಅವರನ್ನು ಕೇಳಿದೆವು. ಅವರು ಮೈಕು ಮರೆತು, ನೆಲದ ಮೇಲೆ ಕೂತು, ಕಡಿಕಲ್ಲು ಜೋಡಿಸಿ ಹೇಳತೊಡಗಿದರು. ಇದೇ ಪ್ರಶ್ನೆಗೆ ದೊಡ್ಡ ದೊಡ್ಡವರು ನೂರಾರು ವರ್ಷ ಜಗಳಾಡಿದ್ದಾರೆ ಎಂದರು. ನಮಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಹೆಡ್ ಮಾಸ್ತರರು ಬಂದು "ಸರ, ಗಾಡಿ ತಪ್ತದ" ಎಂದು ಎಬ್ಬಿಸುವವರೆಗೆ ನಾವು ಅವರನ್ನು ಬಿಡಲಿಲ್ಲ.

ಮರುದಿನ ಮುನೀಮ ತಾನೇ ಮನೆಗೆ ಬಂದು ಕರೆದ. ಸಾವ್ಕಾರರ ನೆಲ ನಾನೇ ಹಾಸಿದೆ. ಆಮೇಲೆ ಎಷ್ಟೋ ಎಂಜಿನಿಯರುಗಳಿಗೆ, ನನ್ನ ಸ್ವಂತ ಮಕ್ಕಳಿಗೂ ಗೊತ್ತಿಲ್ಲ ಎಂದು ಹೇಳಿದ್ದೇನೆ. ಅದರಿಂದ ಒಂದು ಕೆಲಸವೂ ಕೈಬಿಟ್ಟು ಹೋಗಲಿಲ್ಲ. ತಿಳಿಯದೆ ಉಳಿದ ಆ ಅರ್ಧ ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ. ಓದಿದವರು ಯಾರಾದರೂ ಫರ್ಶಿ ಕೊಳ್ಳಲು ಬಂದರೆ ಅಳತೆ ಕೇಳುವ ಮೊದಲು ಅದನ್ನೇ ಕೇಳುತ್ತೇನೆ. ಕೆಲವರು ನಕ್ಕು ಹೋಗುತ್ತಾರೆ. ಕೆಲವರು ಮಾತ್ರ ಬಂದ ಕೆಲಸ ಮರೆತು, ಅಲ್ಲೇ ಕಲ್ಲಿನ ರಾಶಿಯ ಮೇಲೆ ಕೂತು, ಕೈ ತಿರುಗಿಸಿ ಹೇಳಲು ಶುರು ಮಾಡುತ್ತಾರೆ. ಅಂಥವರಿಗೆ ನಾನು ಚಹಾ ತರಿಸುತ್ತೇನೆ.