ಗುಡಾಣಕ್ಕೂ ಚೊಂಬಿಗೂ ಒಂದೇ ಹಿತ್ತಲು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಇಸ್ತ್ರಿ ಮಾಡುತ್ತಿದ್ದ ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಡಾಕ್ಟರರ ಹಸಿರು ಅಂಗಿ, ಎಲ್ಲವೂ ಅವಳ ಕೈ ದಾಟಿಯೇ ಮಹಡಿ ಹತ್ತಬೇಕು. ದಿನವಿಡೀ ಹಬೆಯಲ್ಲಿ ನಿಂತು ಮಂಡಿಗಳು ಸೋತಿದ್ದವು. ಸಂಜೆ ಮನೆಗೆ ಬಂದು ಒಮ್ಮೆ ಕೂತರೆ ಮತ್ತೆ ಏಳಲಾಗದು ಎಂದು ಗೊತ್ತಿದ್ದರಿಂದ, ಕೂರದೆ ನೇರ ಹಿತ್ತಲಿಗೆ ಹೋಗುತ್ತಿದ್ದಳು. ಅಲ್ಲಿ ಎರಡು ಹಂದಿಗಳು ಬಾಗಿಲಿಗೆ ಮೂಗು ಒತ್ತಿಕೊಂಡು ಕಾಯುತ್ತಿದ್ದವು.

ಹಂದಿ ಸಾಕುವ ಹುಚ್ಚು ಅವಳದ್ದಲ್ಲ, ಗಂಡನದು. ಲಾರಿ ಓಡಿಸುತ್ತಿದ್ದ ಆತ ಒಂಬತ್ತು ವರ್ಷದ ಹಿಂದೆ ರಟ್ಟಿನ ಪೆಟ್ಟಿಗೆಯಲ್ಲಿ ಎರಡು ಮರಿ ತಂದು ಅಡುಗೆಮನೆಯಲ್ಲಿ ಬಿಟ್ಟಿದ್ದ.

“ಕುಳ್ಳು ಜಾತಿ ಕಣೇ. ಬೆಕ್ಕಿಗಿಂತ ಒಂದು ಗೇಣೂ ಹೆಚ್ಚು ಬೆಳೆಯಲ್ವಂತೆ.”

“ಯಾರಂದ್ರು?”

“ಮಾರಿದೋನು.”

ದಪ್ಪಗಿದ್ದದ್ದಕ್ಕೆ ಗುಡಾಣ, ಸಣ್ಣಗಿದ್ದದ್ದಕ್ಕೆ ಚೊಂಬು ಎಂದು ಹೆಸರಾಯಿತು. ಎರಡೇ ವರ್ಷದಲ್ಲಿ ಚೊಂಬು ಗುಡಾಣವನ್ನೂ ಮೀರಿಸಿ ಬೆಳೆದು ಹಿತ್ತಲ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು. ಹಿಂದಿನಿಂದ ಗಂಡ ನೂಕಿ, ಮುಂದಿನಿಂದ ಇವಳು ಎಳೆದು, ಕೊನೆಗೆ ಇಬ್ಬರೂ ನಕ್ಕು ನಕ್ಕು ನೆಲಕ್ಕೆ ಕೂತಿದ್ದರು. ಆಮೇಲೆ ಚೊಂಬಿನ ಕಣ್ಣು ಮಂಜಾಗುತ್ತಾ ಬಂದು ಪೂರ್ತಿ ಹೋಯಿತು. ಅಂದಿನಿಂದ ಗುಡಾಣ ಮುಂದೆ ಗುಟುರು ಹಾಕುತ್ತಾ ನಡೆಯುವುದು, ಚೊಂಬು ಆ ಸದ್ದಿನ ಬೆನ್ನು ಹಿಡಿದು ಹೋಗುವುದು.

ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಈಗ ಬಾಡಿಗೆ ಮನೆಯ ಮಾಲೀಕರು ಹಳೆಯ ಕಟ್ಟಡ ಕೆಡವಿಸುವುದಾಗಿ ಹೇಳಿ ಎರಡು ತಿಂಗಳ ಗಡುವು ಕೊಟ್ಟಿದ್ದರು. ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿಯಲ್ಲಿದ್ದ ತಂಗಿ ಕರೆದಳು.

“ನೀನು ಬಾ ಅಕ್ಕಾ, ನಿನಗೆ ಅಂತ ರೂಮಿದೆ. ಆದ್ರೆ ಆ ಎರಡು ಗುಡ್ಡಗಳು ಲಿಫ್ಟಲ್ಲಿ ಹಿಡಿಸಲ್ಲ.”

“ಹಿಡಿಸಿದ್ರೂ ನಿನ್ನ ಗಂಡ ಒಪ್ಪಲ್ಲ ಬಿಡು,” ಎಂದಳು ಅಕ್ಕ.

ಅಲ್ಲಿಂದ ಹಂದಿಗಳಿಗೆ ಜಾಗ ಹುಡುಕುವ ಅವಳ ಓಡಾಟ ಶುರುವಾಯಿತು. ಪ್ರಾಣಿಗಳನ್ನು ಸಾಕುವ ಆಶ್ರಮದವರು ಫೋನಿನಲ್ಲೇ ಜಾಗ ಇಲ್ಲವೆಂದರು. ಕಸಾಯಿಯವನು ಮಾತ್ರ ಕೇಳದೆಯೇ ಬಾಗಿಲಿಗೆ ಬಂದು, ಕಾಂಪೌಂಡಿನ ಮೇಲಿಂದ ಇಣುಕಿ, “ಅಕ್ಕಾವ್ರೇ, ಯಾಕೆ ಒದ್ದಾಡ್ತೀರಾ? ನನಗೆ ಕೊಟ್ಬಿಡಿ, ಒಂದೇ ದಿನದಲ್ಲಿ ಮುಗಿದುಹೋಗ್ತದೆ,” ಎಂದ. ಅವನ ದನಿಯಲ್ಲಿ ದುಷ್ಟತನವಿರಲಿಲ್ಲ. ಅವಳಿಗೆ ಕೋಪ ಬರಿಸಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲ. ಒಂದು ಕ್ಷಣ, ಒಂದೇ ಕ್ಷಣ, ಹೂಂ ಅಂದುಬಿಡಲೇ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಮೈಯೆಲ್ಲ ಮುಳ್ಳೆದ್ದು ಬಾಗಿಲು ಹಾಕಿಕೊಂಡಳು.

ನಾಲ್ಕನೇ ವಾರ ನಿವೃತ್ತ ಮೇಷ್ಟ್ರೊಬ್ಬರು ಸಿಕ್ಕರು. ಒಳ್ಳೆಯವರು. ಆದರೆ ಅವರ ಹಿತ್ತಲು ಒಂದಕ್ಕೇ ಸಾಲುವಂಥದ್ದು. “ಒಂದನ್ನಾದರೂ ಕೊಡಮ್ಮ, ನಿನಗೂ ಅರ್ಧ ಭಾರ ಇಳಿಯುತ್ತೆ,” ಎಂದರು. ಅವಳು ದಣಿದಿದ್ದಳು. ಕಣ್ಣಿಲ್ಲದ ಚೊಂಬು ಹೊಸ ಜಾಗದಲ್ಲಿ ಕಷ್ಟಪಡುತ್ತದೆಂದು ಗುಡಾಣವನ್ನೇ ಕಳಿಸಿದಳು. ಇತ್ತ ಚೊಂಬು ಎದ್ದು ನಾಲ್ಕು ಹೆಜ್ಜೆ ಇಡುವುದು, ಗುಟುರಿಗಾಗಿ ನಿಂತು ಕೇಳುವುದು, ಕೇಳಿಸದೆ ಅಲ್ಲೇ ಕುಸಿಯುವುದು. ನೀರಿನ ತೊಟ್ಟಿಯನ್ನೂ ಅವಳೇ ಮೂತಿಯ ಹತ್ತಿರ ತಳ್ಳಬೇಕಾಯಿತು. ಮೂರನೇ ದಿನ ಮೇಷ್ಟ್ರ ಫೋನು ಬಂತು.

“ಅಮ್ಮಾ, ಇದು ಬಂದಾಗಿನಿಂದ ಒಂದು ತುತ್ತು ಮುಟ್ಟಿಲ್ಲ. ಗೋಡೆಗೆ ಹಣೆ ಚಚ್ಚಿಕೊಳ್ತಾ ಇದೆ. ನನ್ನ ಕೈಲಿ ನೋಡಕ್ಕಾಗ್ತಿಲ್ಲ, ಕರ್ಕೊಂಡು ಹೋಗಮ್ಮ.”

ಅರ್ಧ ದಿನದ ರಜೆ ಹಾಕಿ ಗುಡಾಣವನ್ನು ಎರಡು ಮೈಲಿ ನಡೆಸಿಕೊಂಡು ಬಂದಳು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಒಬ್ಬ, “ಏನಕ್ಕಾ, ವಾಕಿಂಗಾ?” ಎಂದು ಕೇಳಿದ. “ಹೌದಪ್ಪ, ಡಾಕ್ಟ್ರು ಹೇಳಿದಾರೆ,” ಎಂದಳು. ತಿರುವಿನಿಂದಲೇ ಗುಡಾಣದ ಸದ್ದು ಕೇಳಿ ಹಿತ್ತಲಲ್ಲಿ ಚೊಂಬು ಕೂಗಿದ ಕೂಗಿಗೆ ಪಕ್ಕದ ಮನೆಯ ಕಿಟಕಿಗಳೆಲ್ಲ ತೆರೆದವು.

ಕೊನೆಗೆ ದಾರಿ ತೋರಿಸಿದವನು ಆಸ್ಪತ್ರೆಯ ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರು. ಅವನ ಅತ್ತೆ ಊರಾಚೆ ಗಿಡಗಳ ನರ್ಸರಿ ನಡೆಸುತ್ತಿದ್ದರು. ಮುಖ ಸದಾ ಗಂಟು, ಮಾತು ಕಡ್ಡಿ ಮುರಿದ ಹಾಗೆ.

“ಎರಡೂ ಒಟ್ಟಿಗೇ ಇರಬೇಕು ಅಂದ್ರೆ ಎರಡೂ ಬರಲಿ,” ಎಂದರು ಆಕೆ ಫೋನಿನಲ್ಲಿ. “ಹಿಂದೆ ಖಾಲಿ ಜಾಗ ಇದೆ, ನೆರಳಿದೆ, ಕೆಸರೂ ಇದೆ. ಕೊಯ್ಯೋ ಮಾತಿಲ್ಲ. ಗೊಬ್ಬರ ಮಾತ್ರ ನಂದು. ಆಗುತ್ತಾ?”

“ಆಗುತ್ತೆ ಅಮ್ಮ,” ಎಂದಳು ಇಸ್ತ್ರಿಯಕ್ಕ.

ಭಾನುವಾರ ಬೆಳಿಗ್ಗೆ ವ್ಯಾನು ಬಂತು. ಹಲಗೆ ಇಟ್ಟರು, ಹಂದಿಗಳು ಜಪ್ಪಯ್ಯ ಅಂದರೂ ಹತ್ತಲಿಲ್ಲ. ಡ್ರೈವರು ನೂಕಿದ, ಗದರಿದ, ಬೆವರು ಒರೆಸಿಕೊಂಡು ಪುಸಲಾಯಿಸಿದ. ಅವಳು ಸುಮ್ಮನೆ ಮಂಡಿ ಹಿಡಿದುಕೊಂಡು ಹಲಗೆ ಹತ್ತಿ ಒಳಗೆ ನೆಲದ ಮೇಲೆ ಕೂತಳು. ಗುಡಾಣ ಒಂದು ಗಳಿಗೆ ನೋಡಿ ಹತ್ತಿತು. ಅದರ ಹಿಂದೆ ಚೊಂಬು. ದಾರಿಯುದ್ದಕ್ಕೂ ಎರಡು ಬಿಸಿ ಮೈಗಳ ನಡುವೆ ಕೂತು ಅವಳು ತೂಕಡಿಸಿದಳು.

ನರ್ಸರಿಯಮ್ಮ ಗೇಟು ತೆರೆದು, “ಏನೇನು ನೆನಪಿಟ್ಕೋಬೇಕು ಹೇಳು,” ಎಂದರು.

“ಇದಕ್ಕೆ ಕಣ್ಣಿಲ್ಲ. ಹತ್ತಿರ ಬರೋ ಮೊದಲು ಮಾತಾಡ್ಬೇಕು, ಇಲ್ದಿದ್ರೆ ಬೆಚ್ಚುತ್ತೆ. ತೊಟ್ಟಿ ಜಾಗ ಬದಲಾಯಿಸಬೇಡಿ. ಗುಡಾಣಕ್ಕೆ ಕಿವಿ ಹಿಂದೆ ಕೆರೆದ್ರೆ ಮಲ್ಕೊಂಡ್ಬಿಡುತ್ತೆ.” ಇನ್ನೂ ಏನೋ ಹೇಳಬೇಕಿತ್ತು, ನೆನಪಾಗಲಿಲ್ಲ.

ಅವಳು ಹೊರಟಾಗ ಅವು ತಿರುಗಿಯೂ ನೋಡಲಿಲ್ಲ. ಗುಡಾಣ ಕೆಸರಿನತ್ತ ಹೋಗುತ್ತಿತ್ತು, ಚೊಂಬು ಅದರ ಪಕ್ಕೆಗೆ ಅಂಟಿಕೊಂಡಿತ್ತು.

ಮರುವಾರ ತಂಗಿಯ ಮನೆ ಸೇರಿದಳು. ಸಂಜೆ ಕೆಲಸ ಮುಗಿಸಿ ಬಂದವಳು ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕೂತಳು. ಏಳಬೇಕಾದ ಕೆಲಸವೇನೂ ಇರಲಿಲ್ಲ.

“ಬೇಜಾರಾಗ್ತಿದೆಯಾ ಅಕ್ಕಾ?” ತಂಗಿ ಕೇಳಿದಳು.

“ಇಲ್ಲ ಕಣೇ, ಹಾಯಾಗಿದೆ,” ಎಂದಳು. ಅದು ಸುಳ್ಳಲ್ಲ. ಸುಳ್ಳಲ್ಲದ್ದಕ್ಕೇ ಅವಳಿಗೆ ಅಳು ಬಂತು. ತಂಗಿ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡು ಅಕ್ಕನ ಕಾಲುಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತತೊಡಗಿದಳು.